ಬ್ಲಾಕ್ ಮಾಡಿದರೆ ಸಾಲದು, ಐದು ಮಂದಿ 1909ಕ್ಕೆ ದೂರು ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಊರಿನ ವಾಟ್ಸಾಪ್ ಗ್ರೂಪುಗಳಲ್ಲಿ ಈಗ ಆಗಾಗ ಕಾಣುವ ಒಂದು ಪೋಸ್ಟ್ ಇದೆ. ಯಾವುದೋ ನಂಬರಿನ ಸ್ಕ್ರೀನ್‌ಶಾಟ್, ಅದರ ಕೆಳಗೆ "ಇದು ಲೋನಿನವರದ್ದು, ಎತ್ತಬೇಡಿ, ಬ್ಲಾಕ್ ಮಾಡಿ". ಹತ್ತಿಪ್ಪತ್ತು ಮಂದಿ ಹೆಬ್ಬೆರಳು ಒತ್ತುತ್ತಾರೆ, ಕೆಲವರು ಬ್ಲಾಕೂ ಮಾಡುತ್ತಾರೆ. ಕರೆ ಮಾಡಿದವನಿಗೆ ಇದರಿಂದ ಕೂದಲೂ ಕೊಂಕುವುದಿಲ್ಲ. ಅದೇ ಗ್ರೂಪಿನ ಐದೇ ಮಂದಿ ಅದೇ ನಂಬರಿನ ಮೇಲೆ, ಬೇಡದ ಪ್ರಚಾರ ಕರೆಗಳ ದೂರಿಗೆಂದೇ ಇರುವ 1909 ಎಂಬ ನಂಬರಿಗೆ ದೂರು ಕಳಿಸಿದ್ದರೆ ಆ ನಂಬರಿನ ಮೇಲೆ ಕ್ರಮ ಕೈಗೊಳ್ಳಲೇಬೇಕು ಎಂದು ನಿಯಮವಿದೆ. ಈ ಪತ್ರ ಅದರ ಬಗ್ಗೆ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2018ರಲ್ಲಿ ವಾಣಿಜ್ಯ ಕರೆಗಳ ಬಗ್ಗೆ ನಿಯಮಾವಳಿ ತಂದಿತು. 2025ರ ಫೆಬ್ರವರಿಯಲ್ಲಿ ಅದನ್ನು ತಿದ್ದಿ ಬಿಗಿ ಮಾಡಿತು. ಮೊದಲು ಒಂದು ನಂಬರಿನ ಮೇಲೆ ಏಳು ದಿನದಲ್ಲಿ ಹತ್ತು ದೂರು ಬಂದರೆ ಮಾತ್ರ ಟೆಲಿಕಾಂ ಕಂಪೆನಿ ಏಳಬೇಕಿತ್ತು. ಈಗ ಹತ್ತು ದಿನದಲ್ಲಿ ಐದು ದೂರು ಸಾಕು. ಐದೂ ಬೇರೆ ಬೇರೆ ಗ್ರಾಹಕರದ್ದಾಗಿರಬೇಕು ಎಂಬುದನ್ನು ಮರೆಯಬಾರದು. ಒಬ್ಬರೇ ಐದು ಸಲ ಕಳಿಸಿದರೆ ಅದು ಒಬ್ಬರ ದೂರೇ. ದೂರು ಕೊಡಲು ಮೊದಲು ಮೂರು ದಿನದ ಗಡುವಿತ್ತು, ಈಗ ಕರೆ ಬಂದು ಏಳು ದಿನದವರೆಗೂ ಕೊಡಬಹುದು. ಪ್ರಚಾರ ಕರೆ ಮಾಡಲು ಟೆಲಿಕಾಂ ಕಂಪೆನಿಯಲ್ಲಿ ನೋಂದಣಿ ಮಾಡಿಸಿಕೊಳ್ಳದ ಮಾರಾಟದವರ ಮೇಲಿನ ದೂರಿಗೆ ಕಂಪೆನಿ ಕ್ರಮ ಕೈಗೊಳ್ಳಲು ಮೊದಲು ಮೂವತ್ತು ದಿನ ಇತ್ತು, ಈಗ ಐದು ದಿನ. ತಪ್ಪು ಸಾಬೀತಾದರೆ ಮೊದಲ ಸಲ 15 ದಿನ ಹೊರಹೋಗುವ ಕರೆ ಬಂದ್. ಮತ್ತೆ ಮಾಡಿದರೆ ಆ ಚಂದಾದಾರನ ಹೆಸರಿನಲ್ಲಿರುವ ಎಲ್ಲ ಸಂಪರ್ಕಗಳೂ, ಬೇರೆ ಕಂಪೆನಿಯವೂ ಸೇರಿ, ಒಂದು ವರ್ಷದ ಮಟ್ಟಿಗೆ ಕಡಿತ.

ಬ್ಲಾಕ್ ಮಾಡುವುದು ಯಾಕೆ ಸೋಲುತ್ತದೆ ಎಂದರೆ, ಈ ಕರೆಗಳು ಒಬ್ಬನ ಕೈಯಲ್ಲಿರುವ ಒಂದು ಮೊಬೈಲಿನಿಂದ ಬರುವುದು ಕಡಿಮೆ. ಕಾಲ್ ಸೆಂಟರುಗಳು ಪಿಆರ್‌ಐ ಅಥವಾ ಸಿಪ್ ಎಂಬ ಲೈನುಗಳನ್ನು ಕೊಳ್ಳುತ್ತವೆ. ಒಂದು ಪಿಆರ್‌ಐ ಲೈನಿನಲ್ಲಿ ಒಟ್ಟಿಗೆ 30 ಕರೆ ಓಡಿಸಬಹುದು, ಜತೆಗೆ ಸಾಲಾಗಿ ಒಂದು ಗೊಂಚಲು ನಂಬರ್ ಸಿಗುತ್ತದೆ. ನೀವು 41ರಲ್ಲಿ ಕೊನೆಯಾಗುವುದನ್ನು ಬ್ಲಾಕ್ ಮಾಡಿದರೆ ನಾಳೆ 42ರಿಂದ ಬರುತ್ತದೆ. ಕರೆ ಹಚ್ಚುವುದೂ ಮನುಷ್ಯರಲ್ಲ. ಯಂತ್ರ ಒಂದೇ ಹೊತ್ತಿಗೆ ಹಲವು ನಂಬರಿಗೆ ಹಚ್ಚಿ, ಎತ್ತಿದವರನ್ನು ಆಗ ಬಿಡುವಿರುವ ಹುಡುಗ–ಹುಡುಗಿಯರಿಗೆ ಜೋಡಿಸುತ್ತದೆ. ಎತ್ತಿ "ಹಲೋ" ಅಂದರೆ ಆ ಕಡೆ ಸದ್ದೇ ಇಲ್ಲದೆ ಕಡಿದುಹೋಗುವ ಕರೆಗಳು ಹೆಚ್ಚಾಗಿ ಇದೇ ಕಾರಣಕ್ಕೆ. ಆ ಕ್ಷಣಕ್ಕೆ ಅಲ್ಲಿ ಯಾರೂ ಬಿಡುವಿರಲಿಲ್ಲ, ಅಷ್ಟೆ. ಆದರೆ ಈ ನಂಬರಿನಲ್ಲಿ ಎತ್ತುವವರು ಇದ್ದಾರೆ ಎಂಬುದು ಯಂತ್ರಕ್ಕೆ ಗೊತ್ತಾಯಿತು. ಇಂಥ ವ್ಯವಸ್ಥೆಗೆ ನಿಮ್ಮ ಫೋನಿನ ಬ್ಲಾಕ್ ಪಟ್ಟಿ ತಾಗುವುದೇ ಇಲ್ಲ. ಲೈನನ್ನೇ ಕತ್ತರಿಸಬೇಕು, ಅದನ್ನು ಮಾಡಬಲ್ಲವರು ಟೆಲಿಕಾಂ ಕಂಪೆನಿಯವರು ಮಾತ್ರ.

ಇನ್ನು ಕೆಲಸ ಹೇಗೆ ಎಂಬುದಕ್ಕೆ ಬರುತ್ತೇನೆ. ಎರಡು ಹಂತವಿದೆ, ಎರಡನ್ನೂ ಕಲಸಿಕೊಳ್ಳುವುದರಿಂದಲೂ ಕೆಲವರ ದೂರು ಬಿದ್ದುಹೋಗುತ್ತದೆ.

ಮೊದಲನೆಯದು ನಿಮ್ಮ ಇಚ್ಛೆ ದಾಖಲಿಸುವುದು, ಜನ ಡಿಎನ್‌ಡಿ ಹಾಕುವುದು ಎನ್ನುತ್ತಾರಲ್ಲ ಅದು (ಡು ನಾಟ್ ಡಿಸ್ಟರ್ಬ್, ಅಂದರೆ ತೊಂದರೆ ಕೊಡಬೇಡಿ). ಇಂಗ್ಲಿಷ್ ಅಕ್ಷರದಲ್ಲಿ ಸ್ಟಾರ್ಟ್ ಎಂದು ಬರೆದು, ಒಂದು ಜಾಗ ಬಿಟ್ಟು ಸೊನ್ನೆ ಹಾಕಿ 1909ಕ್ಕೆ ಎಸ್ಸೆಮ್ಮೆಸ್ ಮಾಡಿದರೆ ಎಲ್ಲ ಬಗೆಯ ಪ್ರಚಾರ ಕರೆ, ಸಂದೇಶಗಳಿಗೂ ತಡೆ. ಪೂರ್ತಿ ಬೇಡ ಎನ್ನುವವರು ವಿಭಾಗ ಆರಿಸಬಹುದು: 1 ಬ್ಯಾಂಕು–ವಿಮೆ–ಕ್ರೆಡಿಟ್ ಕಾರ್ಡು, 2 ಜಾಗ–ಫ್ಲ್ಯಾಟು, 3 ಶಿಕ್ಷಣ, 4 ಆರೋಗ್ಯ, 5 ಗೃಹಬಳಕೆ ಸಾಮಾನು ಮತ್ತು ವಾಹನ, 6 ಟಿವಿ–ಮನರಂಜನೆ–ಐಟಿ, 7 ಪ್ರವಾಸ, 8 ತಿಂಡಿತೀರ್ಥ. ಮಕ್ಕಳು ಪ್ಲಸ್ ಟು ಮುಗಿಸುವ ಮನೆಗಳಿಗೆ ಮಂಗಳೂರು, ಬೆಂಗಳೂರಿನ ನರ್ಸಿಂಗ್ ಸೀಟಿನವರ ಕರೆ ಎಷ್ಟು ಬರುತ್ತದೆಂದು ಎಲ್ಲರಿಗೂ ಗೊತ್ತು. ಆ ಮನೆಯವರು ಅರ್ಧಂಬರ್ಧ ಆರಿಸುವುದಕ್ಕಿಂತ ಸೊನ್ನೆಯನ್ನೇ ಹಾಕುವುದು ಲೇಸು. ಇದಕ್ಕೆ ದುಡ್ಡಿಲ್ಲ. 1909ಕ್ಕೆ ಕರೆ ಮಾಡಿಯೂ ಹೇಳಬಹುದು. ಟ್ರಾಯ್‌ನದೇ ಡಿಎನ್‌ಡಿ ಆ್ಯಪ್ ಇದೆ, ಅದರಲ್ಲಿ ಇಚ್ಛೆ ದಾಖಲಿಸುವುದೂ ದೂರು ಕೊಡುವುದೂ ಎರಡೂ ಆಗುತ್ತದೆ. ಡಿಎನ್‌ಡಿ ಹಾಕಿದರೆ ಒಟಿಪಿ, ಬ್ಯಾಂಕಿನ ಲೆಕ್ಕದ ಸಂದೇಶ, ಗ್ಯಾಸ್ ಬುಕಿಂಗ್ ಎಲ್ಲ ನಿಂತುಹೋಗುತ್ತದೆ ಎಂಬ ಹೆದರಿಕೆ ಹಲವರಿಗಿದೆ. ನಿಲ್ಲುವುದಿಲ್ಲ, ಅವು ಪ್ರಚಾರದ ಲೆಕ್ಕಕ್ಕೇ ಬರುವುದಿಲ್ಲ.

ಎರಡನೆಯದು ದೂರು. ನೋಂದಣಿ ಮಾಡಿಸಿಕೊಂಡ ಮಾರಾಟದವರ ಪ್ರಚಾರ ಕರೆಗಳು 140ರಿಂದ ಶುರುವಾಗುವ ನಂಬರಿನಿಂದ ಬರಬೇಕು. ಅಂಥ ಕರೆಯ ಮೇಲೆ ದೂರು ನಿಲ್ಲಬೇಕಾದರೆ ನೀವು ಮೊದಲೇ ಡಿಎನ್‌ಡಿ ಹಾಕಿರಬೇಕು. ಸಾಮಾನ್ಯ ಹತ್ತಂಕಿಯ ಮೊಬೈಲ್ ನಂಬರಿನಿಂದಲೋ ಲ್ಯಾಂಡ್‌ಲೈನಿನಿಂದಲೋ ಪ್ರಚಾರ ಮಾಡುವವರು ನೋಂದಣಿ ಇಲ್ಲದವರು. ಅವರ ಮೇಲೆ ದೂರು ಕೊಡಲು ಡಿಎನ್‌ಡಿ ಹಾಕಿರಲೇಬೇಕೆಂದು 2025ರ ತಿದ್ದುಪಡಿಯ ನಂತರ ಇಲ್ಲ. ನಮಗೆ ಉಪದ್ರ ಕೊಡುವವರಲ್ಲಿ ಮುಕ್ಕಾಲುಪಾಲು ಈ ಎರಡನೇ ಜಾತಿಯವರೇ ಆದ್ದರಿಂದ, "ನಾನು ಡಿಎನ್‌ಡಿ ಹಾಕಿಲ್ಲ, ಹಾಗಾಗಿ ದೂರು ಕೊಡುವ ಹಾಗಿಲ್ಲ" ಎಂದು ಸುಮ್ಮನೆ ಕೂರುವುದಕ್ಕೆ ಈಗ ಅರ್ಥವಿಲ್ಲ.

ದೂರಿನ ಎಸ್ಸೆಮ್ಮೆಸ್‌ನಲ್ಲಿ ಮೂರೇ ಸಂಗತಿ ಬೇಕು, ನಡುವೆ ಅಲ್ಪವಿರಾಮ ಹಾಕಿ: ಕರೆ ಯಾವುದರ ಬಗ್ಗೆ, ಯಾವ ನಂಬರಿನಿಂದ, ಯಾವ ದಿನ. ಉದಾಹರಣೆಗೆ, ಪರ್ಸನಲ್ ಲೋನ್ ಆಫರ್ ಕಾಲ್ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಅಲ್ಪವಿರಾಮ, ಹತ್ತಂಕಿಯ ನಂಬರ್, ಅಲ್ಪವಿರಾಮ, ಆಮೇಲೆ ದಿನ/ತಿಂಗಳು/ವರ್ಷ ಎರಡೆರಡು ಅಂಕಿಯಲ್ಲಿ. 1909ಕ್ಕೆ ಕಳಿಸಿ. ಮರಳಿ ಒಂದು ದೂರು ಸಂಖ್ಯೆ ಬರುತ್ತದೆ, ಅದನ್ನು ಅಳಿಸಬೇಡಿ.

ಇಷ್ಟು ಸುಲಭವಾದದ್ದು ಯಾಕೆ ಕೈಕೊಡುತ್ತದೆ? ನಮ್ಮ ಕಡೆ ಮೊದಲ ಕಾರಣ ಎರಡು ಸಿಮ್. ಕುಂಬಳೆ, ಉಪ್ಪಳ, ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ ಈ ಕಡೆಯ ಅನೇಕರ ಫೋನಿನಲ್ಲಿ ಒಂದು ಕೇರಳದ ಸಿಮ್, ಇನ್ನೊಂದು ಮಂಗಳೂರಿನಲ್ಲಿ ಕೊಂಡ ಕರ್ನಾಟಕದ ಸಿಮ್. ಕೇರಳದ್ದಕ್ಕೆ ಮಲಯಾಳದಲ್ಲಿ, ಕರ್ನಾಟಕದ್ದಕ್ಕೆ ಕನ್ನಡದಲ್ಲೋ ಹಿಂದಿಯಲ್ಲೋ ಮಾತಾಡುವವರು ಬೇರೆ ಬೇರೆ. ಡಿಎನ್‌ಡಿ ಎಂಬುದು ಮನುಷ್ಯನಿಗೆ ಅಲ್ಲ, ನಂಬರಿಗೆ. ಒಂದು ಸಿಮ್‌ಗೆ ಹಾಕಿದರೆ ಇನ್ನೊಂದಕ್ಕೆ ತಾಗುವುದಿಲ್ಲ. ದೂರೂ ಹಾಗೆಯೇ: ಕರೆ ಯಾವ ಸಿಮ್‌ಗೆ ಬಂತೋ ಅದರಿಂದಲೇ ಹೋಗಬೇಕು. ಆದರೆ ಎಸ್ಸೆಮ್ಮೆಸ್‌ಗೆ ಫೋನಿನಲ್ಲಿ ಒಂದು ಸಿಮ್ ಖಾಯಂ ಆರಿಸಿಟ್ಟಿರುತ್ತದೆ. ಎರಡನೇ ಸಿಮ್‌ಗೆ ಬಂದ ಕರೆಯ ದೂರು ಒಂದನೇ ಸಿಮ್‌ನಿಂದ, ಬೇರೆಯೇ ಕಂಪೆನಿಗೆ ಹೋಗುತ್ತದೆ. ಅವರ ದಾಖಲೆಯಲ್ಲಿ ಅಂಥ ಕರೆಯೇ ಬಂದಿಲ್ಲ, ದೂರು ಅಲ್ಲಿಗೆ ತಿರಸ್ಕೃತ. ಕರೆಪಟ್ಟಿಯಲ್ಲಿ ಆ ಕರೆಯ ಪಕ್ಕ 1 ಅಥವಾ 2 ಎಂದು ಚಿಕ್ಕದಾಗಿ ಇರುತ್ತದೆ, ಅದನ್ನು ನೋಡಿ. ಸಂದೇಶ ಕಳಿಸುವಾಗ ಕಳಿಸುವ ಗುರುತಿನ ಹತ್ತಿರ ಸಿಮ್ ಬದಲಿಸಿ. ತಲಪಾಡಿ, ಹೊಸಂಗಡಿ ಬದಿಯಲ್ಲಿ ಫೋನು ಕರ್ನಾಟಕದ ಟವರಿನ ರೇಂಜ್ ಹಿಡಿದಿದ್ದರೂ ತೊಂದರೆಯಿಲ್ಲ. ದೂರು ಸಿಮ್ ಯಾರದ್ದೋ ಆ ಕಂಪೆನಿಗೇ ಹೋಗುತ್ತದೆ, ಟವರಿಗೂ ಅದಕ್ಕೂ ಸಂಬಂಧವಿಲ್ಲ.

ಎರಡನೇ ಕಾರಣ ವಿವರ ಬರೆಯದಿರುವುದು. ನಂಬರ್ ಮಾತ್ರ ಕಳಿಸಿದರೆ ಅದು ವಾಣಿಜ್ಯ ಕರೆ ಎಂದು ಗೊತ್ತಾಗುವುದು ಹೇಗೆ? ಏನು ಮಾರುತ್ತಿದ್ದರು, ಯಾವ ಕಂಪೆನಿಯ ಹೆಸರು ಹೇಳಿದರು ಎಂದು ಮೂರು ನಾಲ್ಕು ಪದವಾದರೂ ಇರಬೇಕು. ಆದ್ದರಿಂದ ಕರೆ ಎತ್ತಿದ ಮೇಲೆ ಬೈದು ಇಡುವುದಕ್ಕಿಂತ "ಯಾವ ಕಂಪೆನಿ? ಯಾತಕ್ಕೆ?" ಎಂದು ಎರಡು ಪ್ರಶ್ನೆ ಕೇಳಿ ಇಡುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಬೈಗುಳ ಕೇಳುವುದು ಸಂಬಳಕ್ಕೆ ಕೂತ ಯಾವುದೋ ಬಡ ಹುಡುಗಿ, ಲೈನಿನ ಯಜಮಾನನಲ್ಲ. ಸದ್ದಿಲ್ಲದೆ ಕಡಿದುಹೋದ ಕರೆಗೆ ಮಾತ್ರ ದೂರು ನಿಲ್ಲಿಸುವುದು ಕಷ್ಟ, ಅದರ ಹಿಂದೆ ಹೋಗಬೇಡಿ. ನಂಬರ್ ಬರೆಯುವಾಗ ನಡುವೆ ಜಾಗ ಬಿಡಬೇಡಿ. ಲ್ಯಾಂಡ್‌ಲೈನ್ ಆದರೆ ಎಸ್‌ಟಿಡಿ ಕೋಡ್ ಸೇರಿಸಿ. ಮಂಗಳೂರಿನ 0824 ಬಿಟ್ಟು ಬರೀ ಏಳಂಕಿ ಬರೆದರೆ ಆ ನಂಬರ್ ಯಾವ ಊರಿನದ್ದೆಂದು ಯಾರಿಗೂ ತಿಳಿಯದು.

ಮನೆಯಲ್ಲಿ ಇನ್ನೂ ಬಿಎಸ್ಸೆನ್ನೆಲ್ ಲ್ಯಾಂಡ್‌ಲೈನ್ ಇಟ್ಟುಕೊಂಡ ಹಿರಿಯರು ಎಸ್ಸೆಮ್ಮೆಸ್ ಹೇಗೆ ಮಾಡುವುದು ಎಂದು ಕೇಳುತ್ತಾರೆ. ಅದೇ ಫೋನಿನಿಂದ 1909 ಒತ್ತಿ ಮಾತಾಡಿದರಾಯಿತು, ಡಿಎನ್‌ಡಿಯೂ ದೂರೂ ಎರಡೂ ಆಗುತ್ತದೆ.

1909ರ ವ್ಯಾಪ್ತಿಗೆ ಬಾರದ್ದನ್ನೂ ತಿಳಿದಿರಬೇಕು, ಇಲ್ಲದಿದ್ದರೆ "ಕೊಟ್ಟೆ, ಏನೂ ಆಗಲಿಲ್ಲ" ಎಂಬ ಮಾತು ಉಳಿಯುತ್ತದೆ. ವಾಟ್ಸಾಪಿನಲ್ಲಿ ಬರುವ ಕರೆ, ಕೆವೈಸಿ ಮುಗಿಯಿತು, ಕರೆಂಟು ಕಟ್ ಮಾಡುತ್ತೇವೆ, ಪಾರ್ಸೆಲಿನಲ್ಲಿ ಮಾದಕವಸ್ತು ಸಿಕ್ಕಿದೆ, ಪೊಲೀಸ್ ಮಾತಾಡುತ್ತಿದ್ದೇನೆ ಎಂಬಂಥವೆಲ್ಲ ಮಾರಾಟದ ಕರೆಗಳಲ್ಲ, ಮೋಸದ ಯತ್ನ. ಇವಕ್ಕೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ 'ಚಕ್ಷು' ಎಂಬ ವಿಭಾಗವಿದೆ, 2024ರ ಮಾರ್ಚ್‌ನಲ್ಲಿ ಶುರುವಾದದ್ದು. 2025ರ ಜನವರಿಯಿಂದ ಅದರ ಆ್ಯಪ್ ಕೂಡ ಇದೆ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಅಲ್ಲಿ ವರದಿ ಮಾಡಿ. "ಟ್ರಾಯ್‌ನಿಂದ ಮಾತಾಡುತ್ತಿದ್ದೇವೆ, ಎರಡು ಗಂಟೆಯಲ್ಲಿ ನಿಮ್ಮ ನಂಬರ್ ಬಂದ್ ಆಗುತ್ತದೆ, 9 ಒತ್ತಿ" ಎಂಬ ಕರೆಯೂ ಇದೇ ಸಾಲಿನದ್ದು. ಟ್ರಾಯ್ ಯಾರ ಸಂಪರ್ಕವನ್ನೂ ಕಡಿಯುವುದಿಲ್ಲ, ಅದಕ್ಕಾಗಿ ಕರೆಯನ್ನೂ ಮಾಡುವುದಿಲ್ಲ. ಹಾಗೆಯೇ "ಇಂಥ ಕರೆ ಬೇಡವಾದರೆ 2 ಒತ್ತಿ" ಎಂದು ಧ್ವನಿಮುದ್ರಿಕೆ ಹೇಳಿದರೂ ಒತ್ತಬೇಡಿ. ನೋಂದಣಿ ಇಲ್ಲದವನು ನಿಮ್ಮ ಇಚ್ಛೆ ಪಾಲಿಸುತ್ತಾನೆಂದು ನಂಬುವುದಕ್ಕೆ ಕಾರಣವಿಲ್ಲ.

ಹಣ ಹೋಗಿದ್ದರೆ ಚಕ್ಷುವೂ ಅಲ್ಲ, 1909 ಕೂಡ ಅಲ್ಲ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಒಂದೆರಡು ಗಂಟೆಯೊಳಗೆ ತಿಳಿಸಿದರೆ ಹಣ ಹೋದ ಖಾತೆಯನ್ನು ತಡೆಹಿಡಿಯುವ ಸಾಧ್ಯತೆ ಇದೆ. ಕರ್ನಾಟಕದ ಸಿಮ್ ಇದ್ದು ವಾಸ ಕಾಸರಗೋಡು ಜಿಲ್ಲೆಯಲ್ಲಿದ್ದರೆ ಕರೆ ಮಾಡಿದ ಕೂಡಲೇ ಅದನ್ನು ಸ್ಪಷ್ಟಪಡಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ತುಂಬುವಾಗಲೂ ರಾಜ್ಯ ಕೇರಳ, ಜಿಲ್ಲೆ ಕಾಸರಗೋಡು ಎಂದೇ ಆರಿಸಿ.

ವಿದೇಶಿ ಕರೆಗಳ ವಿಚಾರದಲ್ಲಿ ನಮ್ಮ ಜಿಲ್ಲೆಯ ಸ್ಥಿತಿ ಬೇರೆಯೇ. "ಹೊರದೇಶದ ನಂಬರೆಲ್ಲ ಬ್ಲಾಕ್ ಮಾಡಿಬಿಡಿ" ಎಂದು ಬೆಂಗಳೂರಿನವರು ಸಲಹೆ ಕೊಟ್ಟಷ್ಟು ಸುಲಭ ಅಲ್ಲ, ಇಲ್ಲಿ ಎಷ್ಟು ಮನೆಗಳ ಮಕ್ಕಳು ದುಬೈ, ದೋಹಾ, ಮಸ್ಕತ್‌ನಲ್ಲಿದ್ದಾರೆ. ಮನೆಯವರ ನಂಬರುಗಳನ್ನು ಹೆಸರು ಹಾಕಿ ಉಳಿಸಿಕೊಂಡು, ಯುಎಇಯ 971, ಕತಾರಿನ 974, ಒಮಾನಿನ 968, ಸೌದಿಯ 966 ಬಿಟ್ಟು ಬೇರೆ ದೇಶದ ಕರೆ ಬಂದರೆ ಎತ್ತದಿರುವುದು ನಡೆಯುವ ದಾರಿ. ಇನ್ನೊಂದು ಸಂಗತಿ: ಗಲ್ಫಿನಲ್ಲಿರುವವರು ಅಲ್ಲಿನ ಸಿಮ್‌ನಿಂದ ಕರೆ ಮಾಡಿದಾಗ ನಿಮ್ಮ ಪರದೆಯಲ್ಲಿ ಭಾರತದ ಯಾವುದೋ ಅಪರಿಚಿತ ನಂಬರ್ ತೋರಿದರೆ, ಆ ಕರೆ ನಡುದಾರಿಯಲ್ಲಿ ಅಕ್ರಮ ವಿನಿಮಯ ಕೇಂದ್ರದ ಮೂಲಕ ಹಾದುಬಂದದ್ದು ಎಂದೇ ಅರ್ಥ. ಅಂಥ ಕೇಂದ್ರಗಳಲ್ಲಿ ಹಲವು ಸಿಮ್ ಹಾಕಿ ಕರೆ ದಾಟಿಸುವ ಸಿಮ್ ಪೆಟ್ಟಿಗೆಗಳು ಮೋಸದ ಕರೆಗಳಿಗೂ ಬಳಕೆಯಾಗುತ್ತವೆ. ಸಂಚಾರ್ ಸಾಥಿಯಲ್ಲಿ ಇದನ್ನು ವರದಿ ಮಾಡಲೆಂದೇ ಪ್ರತ್ಯೇಕ ಜಾಗವಿದೆ. ಅವರು ಊರಿನ ಸಿಮ್ ರೋಮಿಂಗಿನಲ್ಲಿ ಇಟ್ಟುಕೊಂಡು ಕರೆ ಮಾಡಿದ್ದರೆ ಅದು ಬೇರೆ ಮಾತು, ಆಗ ಅವರದೇ ನಂಬರ್ ತೋರುತ್ತದೆ.

ಅಪರಿಚಿತ ಕರೆಗಳೆಲ್ಲ ಸದ್ದು ಮಾಡದಂತೆ ಫೋನಿನಲ್ಲಿ ಸೆಟ್ಟಿಂಗ್ ಇದೆ. ಅದನ್ನು ಹಾಕಿಟ್ಟವರು ಮಂಗಳೂರಿನ ಆಸ್ಪತ್ರೆಯಿಂದ ಬಂದ ಕರೆ, ಕೊರಿಯರಿನವನ ಕರೆ, ಶಾಲೆಯ ಕರೆ ಎಲ್ಲವನ್ನೂ ಕಳೆದುಕೊಳ್ಳುತ್ತಾರೆ. ಮನೆಯಲ್ಲಿ ಕಾಯಿಲೆಯವರು ಇದ್ದರೆ ಹಾಕಲೇಬೇಡಿ. ಬ್ಯಾಂಕು, ವಿಮೆಯಂಥ ಸಂಸ್ಥೆಗಳ ಸೇವಾ ಕರೆಗಳಿಗೆ 1600ರಿಂದ ಶುರುವಾಗುವ ನಂಬರುಗಳನ್ನು ಮೀಸಲಿಟ್ಟಿದ್ದಾರೆ. ಹತ್ತಂಕಿಯ ಮೊಬೈಲಿನಿಂದ ಕರೆ ಮಾಡಿ "ನಿಮ್ಮ ಬ್ಯಾಂಕಿನಿಂದ" ಎಂದವನನ್ನು ಈಗ ಧಾರಾಳವಾಗಿ ಸಂಶಯಪಡಬಹುದು.

ಎಸ್ಸೆಮ್ಮೆಸ್ ವಿಚಾರ ಸಣ್ಣದು. ಕಳಿಸಿದವರ ಹೆಸರಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ಪಿ ಅಕ್ಷರ ಇದ್ದರೆ ಪ್ರಚಾರ, ಎಸ್ ಇದ್ದರೆ ಸೇವೆ, ಟಿ ಇದ್ದರೆ ವ್ಯವಹಾರ, ಜಿ ಇದ್ದರೆ ಸರಕಾರ. ಮೊದಲ ಎರಡು ಅಕ್ಷರಗಳಲ್ಲಿ ಒಂದನೆಯದು ಕಂಪೆನಿ, ಎರಡನೆಯದು ಕಳಿಸಿದ ವಲಯ: ಎಲ್ ಎಂದರೆ ಕೇರಳ, ಎಕ್ಸ್ ಎಂದರೆ ಕರ್ನಾಟಕ. ಡಿಎನ್‌ಡಿ ಹಾಕಿದ ಮೇಲೂ ಪಿ ಬರುತ್ತಿದ್ದರೆ ದೂರು ಕೊಡಿ.

ಇನ್ನು ನಾವೇ ಬಾಗಿಲು ತೆರೆದುಕೊಟ್ಟ ಕರೆಗಳಿವೆ. ಬಟ್ಟೆಯಂಗಡಿಯ ಉದ್ಘಾಟನೆಯ ಲಕ್ಕಿ ಡ್ರಾ ಕೂಪನ್, ಚಿನ್ನದಂಗಡಿಯ ಸ್ಕೀಮಿನ ಪುಸ್ತಕ, ಮೇಳದಲ್ಲಿ ತುಂಬಿಸಿದ ಫಾರಂ, ಸಾಲದ ಆ್ಯಪಿನಲ್ಲಿ ಓದದೆ ಒತ್ತಿದ ಒಪ್ಪಿಗೆ. ಒಪ್ಪಿಗೆ ಇದ್ದಲ್ಲಿ ಡಿಎನ್‌ಡಿ ಕೆಲಸ ಮಾಡುವುದಿಲ್ಲ. ದೂರು ಕೊಟ್ಟರೆ "ಗ್ರಾಹಕರೇ ಒಪ್ಪಿದ್ದರು" ಎಂಬ ಉತ್ತರ ಬರುತ್ತದೆ. ಆಗ ಆ ಸಂಸ್ಥೆಗೇ ಇಮೇಲಿನಲ್ಲೋ ಕಾಗದದಲ್ಲೋ ಒಪ್ಪಿಗೆ ಹಿಂದೆಗೆದುಕೊಂಡಿದ್ದೇನೆ ಎಂದು ಬರೆದು ಪ್ರತಿ ಇಟ್ಟುಕೊಳ್ಳಬೇಕು. ಹಿಂದೆಗೆದ ಮೇಲೆ 90 ದಿನ ಮತ್ತೆ ಒಪ್ಪಿಗೆ ಕೇಳುವಂತೆಯೂ ಇಲ್ಲ ಎಂದು 2025ರ ತಿದ್ದುಪಡಿ ಹೇಳುತ್ತದೆ. ಬಿಲ್ ಮಾಡುವಾಗ ಮೊಬೈಲ್ ನಂಬರ್ ಕೊಡಲೇಬೇಕೆಂದು ಅಂಗಡಿಯವರು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲೇ ಸೂಚಿಸಿದೆ. "ನಂಬರ್ ಬೇಡ, ಬಿಲ್ ಕೊಡಿ" ಎನ್ನಲು ಸಂಕೋಚ ಯಾಕೆ?

ಸಾಲ ವಸೂಲಿಯವರ ಕರೆ 1909ರ ಲೆಕ್ಕಕ್ಕೆ ಸೇರದು, ಅದಕ್ಕೆ ರಿಸರ್ವ್ ಬ್ಯಾಂಕಿನ ನಿಯಮ. ಬೆಳಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡಬಾರದು, ಸಾಲಗಾರರ ಮನೆಯವರನ್ನೂ ಗೆಳೆಯರನ್ನೂ ಪೀಡಿಸಬಾರದು ಎಂದು 2022ರ ಆಗಸ್ಟ್‌ನ ಸುತ್ತೋಲೆಯಲ್ಲಿದೆ. ಯಾರೋ ನೆಂಟರು ಸಾಲ ತೆಗೆಯುವಾಗ ನಿಮ್ಮ ನಂಬರ್ ಕೊಟ್ಟರೆಂದು ನಿಮಗೆ ದಿನಾ ಕರೆ ಬರುತ್ತಿದ್ದರೆ, ಮೊದಲು ಆ ಬ್ಯಾಂಕು ಅಥವಾ ಹಣಕಾಸು ಸಂಸ್ಥೆಗೆ ಲಿಖಿತ ದೂರು. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್. ಮಾಹಿತಿಗೆ 14448.

1909ಕ್ಕೆ ಕೊಟ್ಟ ದೂರನ್ನು ಕಂಪೆನಿ ಕಾರಣವಿಲ್ಲದೆ ಮುಚ್ಚಿದರೆ ಟ್ರಾಯ್‌ಗೆ ಬರೆದು ಪ್ರಯೋಜನವಿಲ್ಲ, ಅದು ಒಬ್ಬೊಬ್ಬರ ದೂರನ್ನು ಎತ್ತಿಕೊಳ್ಳುವುದಿಲ್ಲ. ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ದೂರು ಸಂಖ್ಯೆಯೊಡನೆ ಬರೆಯಿರಿ. ಅಲ್ಲೂ ಆಗದಿದ್ದರೆ ಕೇಂದ್ರ ಸರಕಾರದ ಸಾರ್ವಜನಿಕ ಕುಂದುಕೊರತೆ ಜಾಲತಾಣದಲ್ಲಿ ದೂರಸಂಪರ್ಕ ಇಲಾಖೆಯನ್ನು ಆರಿಸಿ ಹಾಕಿ. ಅದಕ್ಕೇ ದೂರು ಸಂಖ್ಯೆ ಅಳಿಸಬೇಡಿ ಎಂದದ್ದು. ದೂರುಗಳ ಲೆಕ್ಕ ತಪ್ಪಾಗಿ ತೋರಿಸಿದರೆ ಕಂಪೆನಿಗೇ ಮೊದಲ ಸಲ 2 ಲಕ್ಷ, ಎರಡನೇ ಸಲ 5 ಲಕ್ಷ, ಆಮೇಲೆ ಪ್ರತಿ ಸಲ 10 ಲಕ್ಷ ರೂಪಾಯಿ ದಂಡ ಹಾಕುವ ಅವಕಾಶವೂ ಈಗಿನ ನಿಯಮದಲ್ಲಿದೆ.

ಇದನ್ನೆಲ್ಲ ಒಬ್ಬೊಬ್ಬರೇ ಕಲಿಯುತ್ತಾ ಕೂರುವುದಕ್ಕಿಂತ, ಊರ ಗ್ರೂಪುಗಳ ಅಡ್ಮಿನ್‌ಗಳು ಒಂದು ಪದ್ಧತಿ ಹಾಕಿಕೊಳ್ಳಬಹುದು: ಯಾರಾದರೂ ಉಪದ್ರದ ನಂಬರ್ ಹಾಕಿದರೆ ಅದೇ ನಂಬರಿನಿಂದ ಕರೆ ಬಂದ ಇತರರೂ ಅದೇ ದಿನ 1909ಕ್ಕೆ ಕಳಿಸಿ, ದೂರು ಸಂಖ್ಯೆಯನ್ನು ಗ್ರೂಪಿನಲ್ಲಿ ಹಾಕಲಿ. ಕರೆ ಬಾರದವರು ಉತ್ಸಾಹಕ್ಕೆ ದೂರು ಕೊಡುವುದು ಬೇಡ. ಕಂಪೆನಿ ಕರೆಯ ದಾಖಲೆ ತೆಗೆದು ನೋಡುತ್ತದೆ, ಸುಳ್ಳು ದೂರು ಬಿದ್ದುಹೋಗುತ್ತದೆ. ಅಕ್ಷಯ ಸೇವಾಕೇಂದ್ರಗಳು, ಪಂಚಾಯತ್ ಗ್ರಂಥಾಲಯಗಳು, ಕುಟುಂಬಶ್ರೀ ಮಹಿಳಾ ಘಟಕಗಳು ಮೇಲೆ ಹೇಳಿದ ಎಸ್ಸೆಮ್ಮೆಸ್ ಮಾದರಿಯನ್ನು ಕನ್ನಡ, ಮಲಯಾಳ ಎರಡರಲ್ಲೂ ಅಚ್ಚು ಹಾಕಿ ಗೋಡೆಗೆ ಅಂಟಿಸಿದರೆ ಫೋನು ತೆಗೆದುಕೊಂಡು ಬರುವ ಅಜ್ಜ ಅಜ್ಜಿಯರಿಗೆ ಅಲ್ಲೇ ಡಿಎನ್‌ಡಿ ಹಾಕಿಕೊಡಬಹುದು. ಹಾಕುವಾಗ ಎರಡೂ ಸಿಮ್‌ಗೆ ಹಾಕಿ. ಇತ್ತೀಚೆಗೆ ಬೇರೆ ಕಂಪೆನಿಗೆ ಪೋರ್ಟ್ ಆದ ನಂಬರಾದರೆ ಡಿಎನ್‌ಡಿ ಈಗಲೂ ಉಳಿದಿದೆಯೇ ಎಂದು ಒಮ್ಮೆ 1909ಕ್ಕೆ ಕೇಳಿ ಖಾತ್ರಿ ಮಾಡಿಕೊಳ್ಳಿ. ತಮ್ಮ ಪತ್ರಿಕೆಯೂ ದೂರಿನ ಮಾದರಿಯನ್ನು ಇಂಗ್ಲಿಷ್ ಅಕ್ಷರದಲ್ಲೇ, ಕತ್ತರಿಸಿ ಇಟ್ಟುಕೊಳ್ಳುವಷ್ಟು ಚಿಕ್ಕ ಚೌಕಟ್ಟಿನಲ್ಲಿ, ಗಡಿನಾಡಿನ ಪುಟದಲ್ಲಿ ಪ್ರಕಟಿಸಬೇಕಾಗಿ ವಿನಂತಿ.

ಇತಿ,
ಓರ್ವ ಓದುಗ
ಮಂಜೇಶ್ವರ, ಕಾಸರಗೋಡು ಜಿಲ್ಲೆ